ಕೂದಲೆಳೆಯಕ್ಕ ಕೈಕಟ್ಟಿ ನಿಂತ ದಿನ

ಪಂಪು ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಲೇತಿನಿಂದ ಇಳಿದ ಯಾವ ತುಂಡನ್ನಾದರೂ ಬೆರಳ ತುದಿಯಲ್ಲಿ ಒಮ್ಮೆ ತಿರುಗಿಸಿ, ಕೂದಲೆಳೆಯಷ್ಟು ಜಾಸ್ತಿ ಇದೆ ಎಂದುಬಿಡುತ್ತಿದ್ದಳು. ಅಳೆದು ನೋಡಿದರೆ ನಿಜಕ್ಕೂ ಅಷ್ಟೇ ಇರುತ್ತಿತ್ತು. ಹೀಗಾಗಿ ಮೊದಲು ಬೆನ್ನ ಹಿಂದೆ, ಆಮೇಲೆ ಎದುರೆದುರೇ, ಎಲ್ಲರ ಬಾಯಲ್ಲೂ ಅವಳು ಕೂದಲೆಳೆಯಕ್ಕ ಆದಳು. ಫಿಟ್ಟರ್ ವಿಭಾಗಕ್ಕೆ ಅವಳು ಸೇರಿದಾಗ ಅಲ್ಲಿ ಬೇರೆ ಹೆಂಗಸರಿರಲಿಲ್ಲ. ಮೂಗು ಮುರಿದವರೇ ಹೆಚ್ಚು. ಕೆಲವೇ ವರ್ಷಗಳಲ್ಲಿ, ಕೂಡದ ಎರಡು ಭಾಗಗಳನ್ನು ಕೂಡಿಸಬೇಕೆಂದರೆ ಆ ಮೂಗುಗಳೆಲ್ಲ ಅವಳ ಮೇಜಿನ ಮುಂದೆಯೇ ಸಾಲುಗಟ್ಟುತ್ತಿದ್ದವು. ಅವಳು ಏನೂ ಹೇಳದೆ ತುಂಡನ್ನು ಅವರ ಕೈಯಿಂದ ತೆಗೆದುಕೊಂಡು, ಮೇಜಿಗೆ ಬಿಗಿದ ವೈಸಿನ ದವಡೆಗೆ ಕಚ್ಚಿಸಿ, ಅರದಿಂದ ಎರಡು ಸಲ ಉಜ್ಜಿ ವಾಪಸು ಕೊಡುವಳು. ಅದು ಕೂಡುತ್ತಿತ್ತು. ಇದರ ನಡುವೆ ಪಾಳಿ ಮುಗಿಸಿ ಸಂಜೆ ಕಾಲೇಜಿಗೆ ಹೋಗಿ ಎಂಜಿನಿಯರಿಂಗ್ ಪದವಿಯನ್ನೂ ಗಿಟ್ಟಿಸಿಕೊಂಡಿದ್ದಳು.

ಅಂಥವಳು ನಲವತ್ತರ ಹೊಸ್ತಿಲಲ್ಲಿ ಕಾರ್ಖಾನೆ ಬಿಟ್ಟು ಮೇಡಂ ಆಗಲು ಹೊರಟದ್ದಕ್ಕೆ ಕಾರಣ ಒಂದೇ ಒಂದು ಪ್ರಶ್ನೆ. ಯಾವುದೋ ಶಾಲೆಯ ಮಕ್ಕಳನ್ನು ಕಾರ್ಖಾನೆ ತೋರಿಸಲೆಂದು ಕರೆತಂದಿದ್ದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕೆಂದು ಬಾಗಿಲಲ್ಲೇ ಅಪ್ಪಣೆಯಾಗಿತ್ತು. ಹಾಗೆ ಕಟ್ಟಿಕೊಂಡೇ ಅವರು ಯಂತ್ರಗಳ ನಡುವೆ ಸಾಲಾಗಿ ಬಂದರು. ಅವಳ ಮೇಜಿನ ಹತ್ತಿರ ಒಂದು ಹುಡುಗಿ ನಿಂತು, ಹೊಳೆಯುತ್ತಿದ್ದ ಹಿತ್ತಾಳೆಯ ತುಂಡಿನ ಮೇಲೆ ಕಣ್ಣಿಟ್ಟು, ಮುಟ್ಟಬಹುದಾ ಎಂದು ಕೇಳಿತು. ಅವಳು ಉತ್ತರಿಸುವ ಮೊದಲೇ ಸೂಪರ್‌ವೈಸರು, ನೋಡಿ, ಮುಟ್ಟಬೇಡಿ ಎಂದು ಸಾಲನ್ನು ಮುಂದೆ ತಳ್ಳಿದರು. ಆ ಹುಡುಗಿ ಹೊರಳಿ ಹೊರಳಿ ನೋಡುತ್ತ ಹೋಯಿತು. ಮುಟ್ಟದೆ ಕಲಿಯುವುದು ಹೇಗೆ ಎನ್ನುವುದು ಕೂದಲೆಳೆಯಕ್ಕನ ತಲೆಯೊಳಗೆ ಹೊಕ್ಕಿತು, ಹೊಕ್ಕದ್ದು ಹೊರಬರಲಿಲ್ಲ. ಪ್ರೌಢಶಾಲೆಗಳಲ್ಲಿ ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನ ಕಲಿಸಲು ಶಿಕ್ಷಕರು ಬೇಕಾಗಿದ್ದಾರೆ, ಒಂದು ವರ್ಷದ ತರಬೇತಿ ಇದೆ ಎಂದು ತಿಳಿದದ್ದೇ ತಡ, ರಾಜೀನಾಮೆ ಕೊಟ್ಟು ಬಂದಳು.

ಅವಳ ಗಂಡ ಬಸ್ ಡ್ರೈವರ್. ಸುದ್ದಿ ಕೇಳಿ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ.

"ಸ್ಕೂಲ್ ಬಿಟ್ಟ ಮೇಲೆ ನಮ್ಮ ಬಸ್ ಹತ್ತುತ್ತವಲ್ಲ, ಅವೇ ತಾನೇ? ನಾನಾದ್ರೆ ಅವಕ್ಕೆ ಬೆನ್ನು ಹಾಕಿ ಕೂತಿರ್ತೀನಿ. ನೀನು ಮುಖ ಕೊಟ್ಟು ನಿಲ್ಲಬೇಕು. ಯೋಚನೆ ಮಾಡು," ಎಂದ.

ಅವನ ತಾಯಿ, ಅಂದರೆ ಅವಳ ಅತ್ತೆ, ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಅವರು ಹುರುಳಿಕಾಯಿಯ ನಾರು ತೆಗೆಯುತ್ತ ತಲೆ ಎತ್ತದೆಯೇ, ಹೋಗಲಿ ಬಿಡೋ, ಅವಳ ಬಾಯಿಗೂ ಸ್ವಲ್ಪ ಕೆಲಸ ಸಿಗಲಿ, ಇಷ್ಟು ವರ್ಷ ಬರೀ ಕೈಯೇ ದುಡಿದಿದೆ ಎಂದರು. ಅದು ಹೊಗಳಿಕೆಯೋ ಚುಚ್ಚುಮಾತೋ ಅವಳಿಗೆ ಅಂದು ಗೊತ್ತಾಗಲಿಲ್ಲ.

ಟ್ರೇನಿಂಗ್ ಕಾಲೇಜಿನ ಓದು ಅವಳಿಗೆ ಕಷ್ಟವೆನಿಸಲಿಲ್ಲ. ಕಷ್ಟ ಶುರುವಾದದ್ದು ಅಭ್ಯಾಸಕ್ಕೆಂದು ಶಾಲೆಗೆ ಹಾಕಿದ ಮೇಲೆ. ಆ ಶಾಲೆಯ ವರ್ಕ್‌ಶಾಪು ಮೈದಾನದ ಮೂಲೆಯಲ್ಲಿತ್ತು: ತಗಡಿನ ಮಾಡು, ಎತ್ತರದ ಕಿಟಕಿಗಳು, ಅಂಟು ಮೆತ್ತಿ ಮೆತ್ತಿ ನಕ್ಷೆಯಂತಾದ ಉದ್ದನೆಯ ಮೇಜುಗಳು, ಗೋಡೆಗೆ ಬಡಿದ ಹಲಗೆಯ ಮೇಲೆ ಪ್ರತಿ ಉಪಕರಣದ ನೆರಳಿನಂಥ ಚಿತ್ರ, ಆ ಚಿತ್ರದ ಮೇಲೆಯೇ ನೇತುಬಿದ್ದ ಉಪಕರಣ. ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ವರ್ಕ್‌ಶಾಪ್ ಮೇಷ್ಟ್ರು, ನಿಧಾನದ ಮನುಷ್ಯ. ಅವಳಿಗೆ ದಾರಿ ತೋರಿಸುವ ಹೊಣೆ ಅವರದು. ಅವಳ ಪಾಠವನ್ನು ಟ್ರೇನಿಂಗ್ ಕಾಲೇಜಿನ ಮೇಡಂ ಎರಡು ಸಲ ಬಂದು ನೋಡುತ್ತಾರೆ, ಅದರಲ್ಲಿ ಒಂದಾದರೂ ಪಾಸಾಗಲೇಬೇಕು, ಇಲ್ಲದಿದ್ದರೆ ಪ್ರಮಾಣಪತ್ರವಿಲ್ಲ ಎಂದು ಅವರು ಮೊದಲ ದಿನವೇ ತಿಳಿಸಿದರು. ಅತ್ತ ಕಾರ್ಖಾನೆಯಲ್ಲಿ ಅವಳ ಮೇಜಿಗೆ ಆಗಲೇ ಬೇರೆಯವರು ಬಂದು ಕೂತಿದ್ದರು. ಹಿಂದೆ ಹೋಗುವ ದಾರಿ ಇರಲಿಲ್ಲ.

ಎಂಟನೆಯ ತರಗತಿಗೆ ಅವಳು ಮೊದಲು ಕೊಟ್ಟ ಕೆಲಸ ಪ್ಲೈವುಡ್ಡಿನ ಪುಟ್ಟ ಗಾಡಿ. ಒಂದು ಚೌಕಟ್ಟು, ಅದರಲ್ಲಿ ಎರಡು ಜೊತೆ ತೂತು, ತೂತಿನಲ್ಲಿ ಹಾಯುವ ಕಂಬಿ, ಕಂಬಿಯ ತುದಿಗೆ ಗಾಲಿ. ಇಳಿಜಾರು ಹಲಗೆಯ ಮೇಲಿಂದ ಬಿಟ್ಟರೆ ಗಾಡಿ ನೇರವಾಗಿ ಹೋಗಿ ಎದುರಿನ ಗೆರೆ ಮುಟ್ಟಬೇಕು. ತೂತು ಸ್ವಲ್ಪ ಸೊಟ್ಟಗಿದ್ದರೂ ಗಾಡಿ ಎಡಕ್ಕೋ ಬಲಕ್ಕೋ ಎಳೆಯುತ್ತದೆ. ಕಾಲೇಜಿನ ಮೇಡಂ ಬರುವ ದಿನದ ಪಾಠವೇ ಅದು: ಗಾಡಿ ಓಡಿಸುವುದು, ಎಲ್ಲಿ ತಪ್ಪಿದೆ ಎಂದು ಮಕ್ಕಳೇ ಹುಡುಕುವುದು, ಸರಿಪಡಿಸುವುದು. ಪಾಠದ ಯೋಜನೆಯನ್ನು ಅವಳು ಅಚ್ಚುಕಟ್ಟಾಗಿ ಬರೆದಿದ್ದಳು. ಮೇಷ್ಟ್ರು ಓದಿ ತಲೆದೂಗಿದ್ದರು.

ಹಿಂದಿನ ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಮೇಜು ಒರೆಸಲೆಂದು ಒಳಗೆ ಉಳಿದಳು. ಗಾಡಿಗಳು ಕಪಾಟಿನಲ್ಲಿ ಸಾಲಾಗಿದ್ದವು. ಸುಮ್ಮನೆ ಒಂದನ್ನು ಎತ್ತಿ ನೋಡಿದಳು. ತೂತು ಎಷ್ಟು ಸೊಟ್ಟಗಿತ್ತೆಂದರೆ ಅವಳ ಹಲ್ಲು ಜುಮ್ಮೆಂದಿತು. ಇನ್ನೊಂದನ್ನು ಎತ್ತಿದಳು, ಅದು ಇನ್ನೂ ಕೆಟ್ಟದ್ದು. ಪಾಪ, ನಾಳೆ ಹೊರಗಿನವರ ಎದುರಿಗೆ ಮಕ್ಕಳ ಗಾಡಿ ಗೋಡೆಗೆ ಹೋಗಿ ಬಡಿದರೆ ಅವಕ್ಕೆ ಎಷ್ಟು ಅವಮಾನ ಎನ್ನಿಸಿತು. ಒಂದಕ್ಕೆ ಮಾತ್ರ ಎಂದುಕೊಂಡು ಸೊಟ್ಟ ತೂತಿಗೆ ಮರದ ಗೂಟ ಬಡಿದು, ಅಂಟು ಹಾಕಿ, ಒಣಗಿದ ಮೇಲೆ ನೆಟ್ಟಗೆ ಹೊಸ ತೂತು ಕೊರೆದಳು. ಕೈಗೆ ಹಳೆಯ ಹಿತ ಮರಳಿ ಬಂತು. ಕಾವಲುಗಾರ ಬಂದು ಬೀಗ ಹಾಕಬೇಕು ಮೇಡಂ ಎನ್ನುವಷ್ಟರಲ್ಲಿ ಕಪಾಟಿನ ಯಾವ ಗಾಡಿಯಲ್ಲೂ ಸೊಟ್ಟ ತೂತು ಉಳಿದಿರಲಿಲ್ಲ.

ಮರುದಿನ ಕಾಲೇಜಿನ ಮೇಡಂ ಹಿಂದಿನ ಸ್ಟೂಲಿನಲ್ಲಿ ಕೂತರು. ಮೊದಲ ಗಾಡಿ ಹಲಗೆಯಿಂದ ಇಳಿದು ಬಾಣದಂತೆ ಹೋಗಿ ಗೆರೆ ಮುಟ್ಟಿತು. ಎರಡನೆಯದೂ ಹಾಗೆಯೇ. ಮೂರನೆಯದೂ. ಮಕ್ಕಳು ಕೇಕೆ ಹಾಕಿದರು. ಅವಳ ಎದೆ ಉಬ್ಬಿತು. ಕೊನೆಯ ಗಾಡಿಯೂ ಗೆರೆ ಮುಟ್ಟಿದ ಮೇಲೆ ಕೋಣೆ ತಣ್ಣಗಾಯಿತು. ಆಗ ಅವಳಿಗೆ ಹೊಳೆಯಿತು. ಇಂದಿನ ಪಾಠ ತಪ್ಪು ಹುಡುಕುವ ಪಾಠ; ಹುಡುಕಲು ತಪ್ಪೇ ಇಲ್ಲ. ಅವಳು ಅದನ್ನೆಲ್ಲ ನಿನ್ನೆಯೇ ಹುಡುಕಿ ಮುಗಿಸಿದ್ದಳು. ಪಾಠದ ಮುಕ್ಕಾಲು ಭಾಗ ಇನ್ನೂ ಹಾಗೇ ಬಿದ್ದಿತ್ತು. ಮಕ್ಕಳು ಮುಂದೇನು ಎಂಬಂತೆ ಅವಳ ಮುಖ ನೋಡುತ್ತಿದ್ದರು. ಗಾಡಿಯ ಭಾಗಗಳ ಚಿತ್ರ ಬರೆಯಿರಿ ಎಂದು ಹೇಳಿ ಹೇಗೋ ಹೊತ್ತು ತಳ್ಳಿದಳು. ಅವರು ಆಕಳಿಸುತ್ತ ಬರೆದರು.

ಒಂದು ಹುಡುಗಿ ಮಾತ್ರ ಬರೆಯಲಿಲ್ಲ. ಯಾವ ಮಾತಿಗೂ ಎದುರು ಮಾತಿಟ್ಟುಕೊಂಡಿರುತ್ತಿದ್ದ ಅವಳನ್ನು ತರಗತಿಯೆಲ್ಲ ಲಾಯರ್ ಎಂದೇ ಕರೆಯುತ್ತಿತ್ತು. ಲಾಯರ್ ತನ್ನ ಗುಂಪಿನ ಗಾಡಿಯನ್ನು ಬೋರಲು ಹಾಕಿ ನೋಡಿ, ಎದ್ದು ಬಂದು, ಅಂಗೈ ಬಿಚ್ಚಿದಳು. ಅಂಗೈಯಲ್ಲಿ ಮರದ ಒಂದು ಸಣ್ಣ ಬೆಣೆ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗೆ.

"ನಿನ್ನೆ ನೆಲದ ಮೇಲೆ ತಳ್ಳಿ ನೋಡಿದಾಗ ನಮ್ಮ ಗಾಡಿ ಎಡಕ್ಕೆ ಎಳೀತಿತ್ತು ಮೇಡಂ. ಆ ಕಡೆ ತೂತು ಸ್ವಲ್ಪ ದೊಡ್ಡದು ಮಾಡಿ ಇದನ್ನ ತುರುಕಿದ್ರೆ ಸರಿಹೋಗುತ್ತೆ ಅಂತ ನಾವು ಲೆಕ್ಕ ಹಾಕಿದ್ವಿ. ಮನೇಲಿ ಮಾಡ್ಕೊಂಡು ಬಂದೆ. ಈಗ ಇದನ್ನ ಎಲ್ಲಿ ಇಡಲಿ?"

ಕೂದಲೆಳೆಯಕ್ಕ ಬೆಣೆಯನ್ನು ಕೈಗೆ ತೆಗೆದುಕೊಂಡು ಬೆರಳ ತುದಿಯಲ್ಲಿ ತಿರುಗಿಸಿದಳು. ಒರಟಾಗಿತ್ತು, ಆದರೆ ಓರೆ ಸರಿಯಾಗಿತ್ತು.

ಪಾಠ ಮುಗಿದ ಮೇಲೆ ಕಾಲೇಜಿನ ಮೇಡಂ ಹೆಚ್ಚು ಮಾತಾಡಲಿಲ್ಲ. ಗಾಡಿಗಳೆಲ್ಲ ಪಾಸು, ಪಾಠ ಪಾಸಲ್ಲ ಎಂದರು. ವರ್ಷದ ಕೊನೆಗೆ ಇನ್ನೊಮ್ಮೆ ಬರುವುದಾಗಿ ಹೇಳಿ ಹೋದರು. ಮೇಷ್ಟ್ರು ಒಂದು ಗಾಡಿಯ ತೂತಿಗೆ ಹೆಬ್ಬೆರಳು ಆನಿಸಿ ಕೂತಿದ್ದರು.

"ಈ ಕೆಲಸ ಹದಿಮೂರು ವರ್ಷದ ಕೈಯದಲ್ಲ, ಅಷ್ಟು ನನಗೂ ಗೊತ್ತಾಗುತ್ತೆ," ಎಂದರು. "ಚೆನ್ನಾಗಿದೆ. ಅದೇ ತೊಂದರೆ. ಮೊದಲು ನಿಮ್ಮ ಕೈ ಎಲ್ಲಿಡಬೇಕು ಅಂತ ಕಲೀರಿ. ಬಾಯಿ ಎಲ್ಲಿಡಬೇಕು ಅನ್ನೋದು ಅದಕ್ಕಿಂತ ಕಷ್ಟ, ಅದು ಆಮೇಲೆ."

ಅಂದು ಮನೆಗೆ ಬಂದಾಗ ಅವಳ ಮುಖ ಜೋತುಬಿದ್ದಿತ್ತು. ಅಡಿಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅತ್ತೆಗೆ ನಡೆದದ್ದನ್ನೆಲ್ಲ ಒಪ್ಪಿಸಿದ ಮೇಲೆ, ಕಲಿಸುವುದನ್ನು ಈಗಿಂದೀಗಲೇ ಅಭ್ಯಾಸ ಮಾಡುತ್ತೇನೆ, ನೀವೇ ನನ್ನ ವಿದ್ಯಾರ್ಥಿ, ಈ ನಲ್ಲಿಯ ವಾಷರ್ ಬದಲಾಯಿಸುವುದನ್ನು ನಿಮಗೆ ಕಲಿಸುತ್ತೇನೆ ಎಂದು ಹಟ ಹಿಡಿದಳು. ಅತ್ತೆ ಕನ್ನಡಕ ಹಾಕಿಕೊಂಡು ಬಂದು ಸ್ಪ್ಯಾನರ್ ಹಿಡಿದರು. ಹೀಗಲ್ಲ ಅತ್ತೆ, ಸ್ವಲ್ಪ ಮೇಲೆ. ಹಾಗಲ್ಲ, ಈ ಕಡೆ ತಿರುಗಿಸಿ. ಕೊಡಿ ಇಲ್ಲಿ, ಒಂದು ನಿಮಿಷ. ಮುಂದಿನದನ್ನು ಅವಳು ಮಾತಿಲ್ಲದೆ ಮಾಡಿದಳು. ಕೈ ಒರೆಸಿಕೊಂಡು ತಿರುಗಿದಾಗ ನಲ್ಲಿ ನಿಂತಿತ್ತು, ಅತ್ತೆ ಖಾಲಿ ಕೈಯಲ್ಲಿ ನಿಂತಿದ್ದರು.

"ಆಯ್ತಾ? ನಾನು ಕಲಿತೆನಾ?" ಎಂದು ಅತ್ತೆ ಕೇಳಿದರು.

ಅವಳು ಕುರ್ಚಿಯ ಮೇಲೆ ಕುಸಿದಳು. ಅತ್ತೆ ಇಬ್ಬರಿಗೂ ಚಹಾ ಬಗ್ಗಿಸಿ ಎದುರು ಕೂತರು.

"ನೋಡಮ್ಮ, ನೀನು ಈ ಮನೆಗೆ ಬಂದಾಗಿನಿಂದ ಫ್ಯಾನು, ನಲ್ಲಿ, ಬಾಗಿಲ ಚಿಲಕ, ಎಲ್ಲಾ ನೀನೇ. ನನ್ನ ಮಗನಿಗೆ ಒಂದು ಬಲ್ಬ್ ಹಾಕೋಕೆ ಬರಲ್ಲ. ಮುಂಚೆ ಬರ್ತಿತ್ತು. ನಾನು ಹೆರಿಗೆ ವಾರ್ಡಲ್ಲಿ ಅಷ್ಟು ವರ್ಷ ಇದ್ದೆನಲ್ಲ, ಎಷ್ಟೇ ಕಷ್ಟ ನೋಡಿದ್ರೂ, ಎಷ್ಟೇ ಹೊತ್ತಾದ್ರೂ, ಯಾರ ಬದಲಿಗೂ ನಾನು ಹೆರಲಿಲ್ಲ. ಪಕ್ಕದಲ್ಲಿ ನಿಂತಿದ್ದೆ. ನಿಂತಿರೋದೂ ಕೆಲಸಾನೇ."

ಒಳಕೋಣೆಯಿಂದ ಗಂಡ, ಬಲ್ಬ್ ಹಾಕೋಕೆ ನನಗೆ ಬರುತ್ತಮ್ಮ ಎಂದು ಕೂಗಿದ.

ಅವಳು ಬಹಳ ಹೊತ್ತು ತನ್ನ ಅಂಗೈಗಳನ್ನೇ ನೋಡುತ್ತ ಕೂತಳು. ಮುಟ್ಟಬಹುದಾ ಎಂದು ಕೇಳಿದ ಆ ಹುಡುಗಿ ನೆನಪಾಯಿತು. ಮಕ್ಕಳಿಗೆ ಮುಟ್ಟಲು ಕೊಡಬೇಕೆಂದು ಕಾರ್ಖಾನೆ ಬಿಟ್ಟು ಬಂದವಳು, ಕೊಟ್ಟದ್ದನ್ನು ತಾನೇ ಕಿತ್ತುಕೊಂಡಿದ್ದಳು. ಸೂಪರ್‌ವೈಸರು ಬಾಯಲ್ಲಿ ಹೇಳಿದ್ದನ್ನು ಇವಳು ಡ್ರಿಲ್ಲಿನಲ್ಲಿ ಹೇಳಿದ್ದಳು, ಅಷ್ಟೇ.

ಮರುದಿನ ತರಗತಿಗೆ ಹೋಗಿ ಯಾವ ಮುಚ್ಚುಮರೆಯೂ ಇಲ್ಲದೆ, ನಿಮ್ಮ ಗಾಡಿಗಳನ್ನು ಸರಿಮಾಡಿದ್ದು ನಾನು, ನಿಮ್ಮನ್ನು ಕೇಳದೆ ಮಾಡಿದೆ, ತಪ್ಪಾಯಿತು ಎಂದಳು. ಬೇಕಾದರೆ ತೂತುಗಳನ್ನು ಮೊದಲಿನಂತೆಯೇ ಮಾಡಿಕೊಡುತ್ತೇನೆ ಎಂದೂ ಸೇರಿಸಿದಳು. ಲಾಯರ್ ತಕ್ಷಣ ಎದ್ದಳು.

"ಬೇಡ ಮೇಡಂ. ಈಗ ನೀವು ಸೊಟ್ಟ ಮಾಡಿದ್ರೆ ಅದೂ ನಿಮ್ಮ ಸೊಟ್ಟಾನೇ ಆಗುತ್ತೆ. ನಮ್ಮದಾಗಲ್ಲ."

ತರಗತಿ ನಕ್ಕಿತು, ಅವಳೂ ನಕ್ಕಳು. ಮುಂದಿನ ಕೆಲಸ ಏನು ಎಂದು ಯಾರೋ ಕೇಳಿದರು. ಪುಟ್ಟ ಕ್ರೇನು, ಇಟ್ಟಿಗೆ ಎತ್ತಬೇಕು ಎಂದಳು. ಎತ್ತೋದು ನಾವೇ ತಾನೇ ಎಂದು ಲಾಯರ್ ಖಾತ್ರಿ ಮಾಡಿಕೊಂಡಳು.

ಅಷ್ಟರಲ್ಲಿ ಬಚ್ಚಲಮನೆಯ ನಲ್ಲಿ ಸೋರತೊಡಗಿತು. ಅವಳು ಸ್ಪ್ಯಾನರ್ ಹಿಡಿದು ಹೊರಟರೆ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಇದು ನನ್ನ ನಲ್ಲಿ, ಇದನ್ನು ನಾನೇ ಮಾಡೋದು, ನನಗೆ ಬಿಡುವಾದಾಗ ಮಾಡ್ತೀನಿ, ಅಲ್ಲೀವರೆಗೆ ಸೋರಲಿ, ನೀನು ಸುಮ್ಮನೆ ಕೂರೋದನ್ನ ಕಲಿ ಎಂದರು. ಅತ್ತೆಗೆ ಬಿಡುವೇ ಆಗಲಿಲ್ಲ. ಗಂಡ ಕೆಳಗೆ ಬಕೆಟ್ ಇಟ್ಟ. ಅವಳು ಪಾಠದ ತಯಾರಿ ಮಾಡುತ್ತ ಕೂತರೆ ಗೋಡೆಯಾಚೆಯಿಂದ ಟಪ್, ಟಪ್. ಮೊದಮೊದಲು ಪ್ರತಿ ಹನಿಯೂ ನೆತ್ತಿಯ ಮೇಲೆ ಬಿದ್ದಂತಾಗುತ್ತಿತ್ತು. ಮೂರ್ನಾಲ್ಕು ವಾರ ಕಳೆಯುವಷ್ಟರಲ್ಲಿ, ಸರಿಯಿಲ್ಲದ ಒಂದು ವಸ್ತು ಸರಿಯಿಲ್ಲದೆಯೇ ಇರುವ ಮನೆಯಲ್ಲಿ ಅವಳು ಓದಿದಳು, ಉಂಡಳು, ಮಲಗಿದಳು. ಪ್ರಪಂಚ ಮುಳುಗಲಿಲ್ಲ. ಬಕೆಟ್ಟಿನ ನೀರು ಗಿಡಗಳಿಗೆ ಹೋಯಿತು.

ಆ ದಿನಗಳಲ್ಲೇ ಅವಳಿಗೆ ಕಾರ್ಖಾನೆಯ ಗೇಜಜ್ಜ ನೆನಪಾದದ್ದು. ಮಾಲು ಪರೀಕ್ಷಿಸುವ ಮುದುಕ. ಕೊರಳಲ್ಲಿ ಯಾವಾಗಲೂ ಗೇಜುಗಳ ಗೊಂಚಲು ನೇತಾಡುತ್ತಿದ್ದುದರಿಂದ ಆ ಹೆಸರು. ಗೇಜು ಎಂದರೆ ಎರಡು ತುದಿಯ ಉಕ್ಕಿನ ಕಡ್ಡಿ. ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಎರಡೂ ಹೋದರೆ ತೂತು ದೊಡ್ಡದು, ಎರಡೂ ಹೋಗದಿದ್ದರೆ ಚಿಕ್ಕದು. ಅವಳು ಹೊಸಬಳಾಗಿದ್ದಾಗ ಆತ ಅವಳ ತುಂಡನ್ನು ಎಂದೂ ಸರಿಮಾಡಿಕೊಡಲಿಲ್ಲ. ಗೇಜನ್ನು ಅವಳ ಕೈಗೇ ಕೊಟ್ಟು, ನೀನೇ ಕೇಳು ಎನ್ನುತ್ತಿದ್ದ. ಆಗ ಅವಳು ಅವನಿಗೆ ಹಿಡಿಶಾಪ ಹಾಕಿದ್ದಳು. ಪರೀಕ್ಷಕನ ಮೇಜಿನ ಮೇಲೆ ಅರ ಇರಕೂಡದು ಎನ್ನುವುದು ಕಾರ್ಖಾನೆಯ ಕಟ್ಟುನಿಟ್ಟಿನ ನಿಯಮವಾಗಿತ್ತು. ಅಳೆಯುವವನೇ ಉಜ್ಜತೊಡಗಿದರೆ, ಮಾಡಿದವನಿಗೆ ತಾನು ಎಲ್ಲಿ ತಪ್ಪಿದೆನೆಂದು ಎಂದೂ ತಿಳಿಯುವುದಿಲ್ಲ. ಈ ನಿಯಮದ ಕೆಳಗೇ ಅಷ್ಟು ವರ್ಷ ದುಡಿದವಳಿಗೆ ಅದರ ಅರ್ಥ ಈಗ, ಬಚ್ಚಲಮನೆಯ ಟಪ್ ಟಪ್ ನಡುವೆ, ಆಯಿತು.

ಅವಳು ಮೇಷ್ಟ್ರ ಅನುಮತಿ ಪಡೆದು ಪ್ರತಿ ಗುಂಪಿಗೂ ಒಂದೊಂದು ಗೇಜು ತಯಾರಿಸಿದಳು. ಒಂದು ತುದಿಗೆ ಹಸಿರು ಬಣ್ಣ, ಅದು ಹೋಗಬೇಕು. ಇನ್ನೊಂದಕ್ಕೆ ಕೆಂಪು, ಅದು ಹೋಗಬಾರದು. ಇನ್ನು ಮುಂದೆ ತೂತು ಸರಿ ಇದೆಯಾ ಎಂದು ನನ್ನನ್ನು ಕೇಳಬೇಡಿ, ಗೇಜನ್ನು ಕೇಳಿ ಎಂದಳು. ಕ್ರೇನಿನ ಭಾಗಗಳನ್ನು ಅಂಟಿಸಕೂಡದು, ಸ್ಕ್ರೂಗಳಿಂದಷ್ಟೇ ಕೂಡಿಸಬೇಕು ಎಂದೂ ಗೊತ್ತುಮಾಡಿದಳು. ಅಂಟಿಸಿದ ತಪ್ಪನ್ನು ಒಡೆಯಬೇಕಾಗುತ್ತದೆ, ಸ್ಕ್ರೂ ಹಾಕಿದ ತಪ್ಪನ್ನು ಬಿಚ್ಚಿದರೆ ಸಾಕು. ಅವಳ ಉಪಕರಣದ ಚೀಲ ಇನ್ನು ಮನೆಯಲ್ಲೇ ಉಳಿಯಿತು.

ಎರಡನೆಯ ಸಲ ಕಾಲೇಜಿನ ಮೇಡಂ ಬಂದಾಗ ಕಿಟಕಿಗಳಿಂದ ಬಿಸಿಲು ಓರೆಯಾಗಿ ಮೇಜುಗಳ ಮೇಲೆ ಬಿದ್ದಿತ್ತು. ಅವರು ಅದೇ ಸ್ಟೂಲಿನಲ್ಲಿ ಕೂತರು. ಮೇಷ್ಟ್ರು ಬಾಗಿಲ ಬಳಿ ನಿಂತರು. ಪ್ರತಿ ಕ್ರೇನಿಗೂ ಎರಡು ಪಕ್ಕದ ಹಲಗೆ, ಎರಡರ ತೂತಿನಲ್ಲೂ ಹಾಯುವ ಕಂಬಿ, ಕಂಬಿಯ ಮೇಲೆ ಮರದ ಉರುಳೆ, ಉರುಳೆಗೆ ಸುತ್ತುವ ಹಗ್ಗ, ಹಗ್ಗದ ತುದಿಗೆ ಇಟ್ಟಿಗೆ. ಹಿಡಿ ತಿರುಗಿಸಿದರೆ ಇಟ್ಟಿಗೆ ಮೇಲೇರಬೇಕು. ಒಂದು ಗುಂಪಿನ ಇಟ್ಟಿಗೆ ಏರಿತು. ಇನ್ನೊಂದರದು ಅರ್ಧ ಏರಿ, ಹಗ್ಗ ಜಾರಿ, ಧೊಪ್ಪನೆ ಬಿತ್ತು. ಅವರು ನಗುತ್ತಲೇ ಉರುಳೆಯ ಅಂಚಿಗೆ ತಡೆ ಕಟ್ಟಲು ಕೂತರು. ಲಾಯರ್ ಗುಂಪಿನ ಕ್ರೇನು ಅಲುಗಾಡಲೇ ಇಲ್ಲ. ಹಿಡಿ ಕಾಲು ಸುತ್ತು ತಿರುಗಿ ಕಚ್ಚಿ ನಿಂತಿತು.

ಅವರು ಗೇಜು ಹಾಕಿ ನೋಡಿದರು. ಎಡ ಹಲಗೆಯ ತೂತಿನಲ್ಲಿ ಹಸಿರು ಹೋಯಿತು, ಕೆಂಪು ಹೋಗಲಿಲ್ಲ. ಬಲ ಹಲಗೆಯಲ್ಲೂ ಹಾಗೆಯೇ. ಎರಡೂ ಸರಿ. ಮತ್ತೆ ಕೂಡಿಸಿದರು. ಮತ್ತೆ ಕಚ್ಚಿತು.

ಕೂದಲೆಳೆಯಕ್ಕನಿಗೆ ದೂರದಿಂದಲೇ ತಿಳಿದುಹೋಗಿತ್ತು. ಕಂಬಿ ಒಂದು ಕಡೆ ಎತ್ತರವಾಗಿತ್ತು. ಒಬ್ಬರು ಹಲಗೆಯ ಮೇಲಂಚಿನಿಂದ ಅಳೆದು ತೂತು ಕೊರೆದಿದ್ದಾರೆ, ಇನ್ನೊಬ್ಬರು ಕೆಳ ಅಂಚಿನಿಂದ. ಹಲಗೆಗಳೋ ಒಂದೇ ಎತ್ತರದವಲ್ಲ. ತೂತಿನ ಗಾತ್ರ ಸರಿ, ಜಾಗ ಸರಿಯಿಲ್ಲ. ಅವಳ ಬಲಗೈ ತಾನಾಗಿಯೇ ಮುಂದೆ ಹೋಯಿತು. ಎಡಗೈಯಿಂದ ಅದನ್ನು ಹಿಡಿದು, ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಕಾರ್ಖಾನೆ ನೋಡಲು ಬಂದ ಮಕ್ಕಳು ನಿಂತಿದ್ದ ಹಾಗೆಯೇ.

ಕೈ ನಿಂತಿತು; ಈಗ ಬಾಯಿ ಶುರುವಾಯಿತು. ಮೇಲಂಚು ನೋಡಿ ಎಂಬ ಎರಡು ಪದ ನಾಲಗೆಯ ತುದಿಗೆ ಬಂದು ಕೂತವು. ಹಿಂದಿನ ಸ್ಟೂಲಿನಲ್ಲಿ ಪೆನ್ನು ಏನೋ ಬರೆಯುತ್ತಿತ್ತು. ಹೊತ್ತು ಸರಿಯುತ್ತಿತ್ತು. ಗುಂಪಿನ ಒಬ್ಬ ಹುಡುಗ ಹಿಡಿಯನ್ನು ಬಲವಾಗಿ ತಿರುಚಲು ಹೊರಟ. ಲಾಯರ್ ಅವನ ಕೈ ತಡೆದು, ಅವಳತ್ತ ನೋಡಿ, ಸಿಟ್ಟಿನಿಂದಲೇ ಹೇಳಿದಳು:

"ನಿಮ್ಮ ಗೇಜು ಸುಳ್ಳು ಹೇಳ್ತಿದೆ ಮೇಡಂ."

ಕೂದಲೆಳೆಯಕ್ಕ ಮನಸ್ಸಿನಲ್ಲಿದ್ದ ಉತ್ತರವನ್ನು ಪಕ್ಕಕ್ಕೆ ಸರಿಸಿ, ಅದರ ಹಿಂದೆ ಇದ್ದ ಪ್ರಶ್ನೆಯನ್ನು ಹುಡುಕಿದಳು. ಅದು ಸಿಗಲು ಸ್ವಲ್ಪ ತಡವಾಯಿತು.

"ಗೇಜು ಸುಳ್ಳು ಹೇಳಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದೆ. ನೀವು ಅದನ್ನ ಏನು ಕೇಳಲಿಲ್ಲ, ಅದನ್ನ ಯೋಚನೆ ಮಾಡಿ," ಎಂದಳು. ಅಷ್ಟು ಹೇಳಿ ಪಕ್ಕದ ಮೇಜಿಗೆ ಹೋಗಿಬಿಟ್ಟಳು. ಹೋಗುವುದು ನಿಲ್ಲುವುದಕ್ಕಿಂತ ಕಷ್ಟವಾಗಿತ್ತು.

ಬೆನ್ನ ಹಿಂದೆ ಜಗಳ ಕೇಳಿಸಿತು. ತೂತು ದೊಡ್ಡದಾ ಚಿಕ್ಕದಾ ಅಂತ ಕೇಳಿದ್ವಿ. ಇನ್ನೇನು ಕೇಳೋದು ತೂತಿಗೆ, ಊಟ ಆಯ್ತಾ ಅಂತಲಾ? ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಸ್ಕ್ರೂ ಬಿಚ್ಚುವ ಸದ್ದು. ಅವಳು ತಿರುಗಿ ನೋಡಲಿಲ್ಲ. ಎದುರಿನ ಗಾಜಿನ ಕಪಾಟಿನಲ್ಲಿ ಅವರ ಪ್ರತಿಬಿಂಬ ಕಾಣುತ್ತಿತ್ತು. ಲಾಯರ್ ಎರಡೂ ಹಲಗೆಗಳನ್ನು ಜೋಡಿಸಿ, ಕೆಳ ಅಂಚಿಗೆ ಕೆಳ ಅಂಚು ಕೂಡಿಸಿ, ಕಿಟಕಿಯತ್ತ ಎತ್ತಿ ಹಿಡಿದಿದ್ದಳು. ಎರಡು ತೂತು ಒಂದರ ಮೇಲೊಂದು ಕೂತಿದ್ದರೆ ಬೆಳಕು ದುಂಡಗೆ ಕಾಣಬೇಕಿತ್ತು. ಅದು ಬಾದಾಮಿಯಂತೆ ಕಂಡಿತು.

"ಎಲ್ಲಿದ್ದೀಯ ಅಂತ ಕೇಳಲಿಲ್ಲ ಕಣೋ," ಎಂದಳು ಲಾಯರ್, ಬಹಳ ಮೆಲ್ಲಗೆ.

ಮುಂದಿನದನ್ನು ಅವರಿಗೆ ಯಾರೂ ಹೇಳಿಕೊಡಲಿಲ್ಲ. ಮತ್ತೆ ಬೇರೆಬೇರೆ ಅಳೆದರೆ ಮತ್ತೆ ತಪ್ಪಬಹುದು, ಅಳೆಯುವುದೇ ಬೇಡ ಎಂದು ಆ ಹಿಡಿ ತಿರುಚಲು ಹೊರಟಿದ್ದ ಹುಡುಗನೇ ಅಂದ. ಎರಡೂ ಹಲಗೆಗಳನ್ನು ಒಟ್ಟಿಗೆ ವೈಸಿಗೆ ಕಚ್ಚಿಸಿ, ಹಳೆಯ ತೂತಿನ ಕೆಳಗೆ ಎರಡಕ್ಕೂ ಒಂದೇ ಏಟಿಗೆ ಹೊಸ ತೂತು ಕೊರೆದರು. ಇಬ್ಬರು ಹಿಡಿದುಕೊಂಡರು, ಲಾಯರ್ ಡ್ರಿಲ್ಲು ನಡೆಸಿದಳು. ಮರದ ಪುಡಿ ಬಿಸಿಲಿನಲ್ಲಿ ಹಾರಿತು. ಕಾರ್ಖಾನೆಯ ಪಳಗಿದ ಫಿಟ್ಟರುಗಳು ಮಾಡುವ ಉಪಾಯವೂ ಇದೇ. ಆದರೆ ಇವರು ಅದನ್ನು ಇಂದು, ಈ ಮೇಜಿನ ಮೇಲೆ, ತಾವಾಗಿ ಕಂಡುಹಿಡಿದಿದ್ದರು. ಆ ಹೊಸ ತೂತು ಕೂದಲೆಳೆಯಷ್ಟು ಓರೆಯಾಗಿದ್ದುದು ಅವಳ ಕಣ್ಣಿಗೆ ಬಿತ್ತು. ಎರಡರಲ್ಲೂ ಒಂದೇ ಓರೆ. ಅವಳ ಹಲ್ಲು ಜುಮ್ಮೆನ್ನಲಿಲ್ಲ.

ಗಂಟೆ ಹೊಡೆಯಲು ಸ್ವಲ್ಪವೇ ಹೊತ್ತು ಉಳಿದಿತ್ತು. ಕಂಬಿ ಹಾಯಿಸಿದರು. ಲಾಯರ್ ಹಿಡಿ ತಿರುಗಿಸಿದಳು. ಕಾಲು ಸುತ್ತು, ಅರ್ಧ ಸುತ್ತು, ಪೂರ್ತಿ ಸುತ್ತು. ಹಗ್ಗ ಬಿಗಿಯಾಯಿತು. ಇಟ್ಟಿಗೆ ಒಮ್ಮೆ ಕೊಸರಿ, ಮೇಜಿನಿಂದ ಕಾಲು ಕಿತ್ತು, ಗಿರಗಿರ ತಿರುಗುತ್ತ ಮೇಲೇರಿತು. ಬೇರೆ ಗುಂಪಿನವರೆಲ್ಲ ಕೆಲಸ ಬಿಟ್ಟು ಓಡಿಬಂದು ಮೇಜು ಬಡಿದರು. ವರ್ಕ್‌ಶಾಪಿನ ತಗಡು ಅದುರಿತು. ಕಾಲೇಜಿನ ಮೇಡಂ ಬರೆಯುವುದನ್ನು ಬಿಟ್ಟು ಸ್ಟೂಲಿನಿಂದ ಎದ್ದು ನಿಂತು ನೋಡುತ್ತಿದ್ದರು. ಕೂದಲೆಳೆಯಕ್ಕನ ಕೈಗಳು ಇನ್ನೂ ಬೆನ್ನ ಹಿಂದೆಯೇ ಇದ್ದವು. ಬಿಡಿಸಿಕೊಂಡಾಗ ಬೆರಳುಗಳು ಜೋಮು ಹಿಡಿದಿದ್ದವು.

ಮಕ್ಕಳು ಹೋದ ಮೇಲೆ ಕಾಲೇಜಿನ ಮೇಡಂ ಆ ಕ್ರೇನಿನ ಹತ್ತಿರ ಬಂದರು. ಹಲಗೆಗಳಲ್ಲಿ ಹಳೆಯ ತೂತುಗಳು ಹಾಗೇ ಬಾಯಿ ತೆರೆದುಕೊಂಡಿದ್ದವು. ಇವನ್ನು ಮುಚ್ಚಿಸುತ್ತೀರಾ ಎಂದು ಕೇಳಿದರು. ಇಲ್ಲ, ಅವೂ ಅವರವೇ ಎಂದಳು ಅವಳು. ಮೇಡಂ ನಕ್ಕು ಕೈ ನೀಡಿದರು. ಈ ಸಲ ಪಾಠ ಪಾಸು, ಹೋದ ಸಲದ ಗಾಡಿಗಳಿಗಿಂತ ಚೆನ್ನಾಗಿಯೇ ಪಾಸು ಎಂದರು. ಬಾಗಿಲ ಬಳಿ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತ, ನಿವೃತ್ತಿಗೆ ನನಗೆ ಇನ್ನು ಬಹಳ ದಿನವಿಲ್ಲ, ಈ ವರ್ಕ್‌ಶಾಪಿನ ಬೀಗದ ಕೈ ಯಾರಿಗೆ ಕೊಡುವುದೆಂದು ಚಿಂತೆಯಾಗಿತ್ತು, ಹೆಡ್‌ಮಾಸ್ಟರ ಹತ್ತಿರ ಇಂದೇ ಮಾತಾಡುತ್ತೇನೆ ಎಂದರು. ಮುಂದಿನ ವರ್ಷದ ಮೊದಲ ದಿನ ಆ ಬೀಗ ತೆರೆದವಳು ಅವಳೇ.

ಆದರೆ ಅಂದಿನ ಸಂಜೆಯ ಮಾತು ಇನ್ನೂ ಬಾಕಿ ಇದೆ. ಅವಳು ಬಾಗಿಲಲ್ಲಿ ಕಾಲಿಡುತ್ತಲೇ ಅತ್ತೆ ಮುಖ ನೋಡಿ ವಿಷಯ ತಿಳಿದುಕೊಂಡರು. ಏನನ್ನೂ ಕೇಳದೆ ಕನ್ನಡಕ ಹಾಕಿಕೊಂಡು, ಸ್ಪ್ಯಾನರ್ ಕೈಗೆತ್ತಿಕೊಂಡು, ಬಾ, ಈಗ ನನಗೆ ಬಿಡುವಾಯಿತು ಎಂದು ಬಚ್ಚಲಮನೆಗೆ ನಡೆದರು. ಅವಳು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಗಂಡ ಯೂನಿಫಾರ್ಮ್ ಕೂಡ ಬಿಚ್ಚದೆ ಬಾಗಿಲಿಗೆ ಒರಗಿ ನಿಂತ.

ಅತ್ತೆ ಸ್ಪ್ಯಾನರ್ ಕಚ್ಚಿಸಿದರು. ಅವಳು ಅದನ್ನು ನೋಡಿ, ಏನೂ ಹೇಳಿಕೊಡದೆ, ಒಂದೇ ಒಂದು ಪ್ರಶ್ನೆ ಕೇಳಿದಳು.

"ಅತ್ತೆ, ಇದನ್ನ ಬಿಚ್ಚೋದಕ್ಕಿಂತ ಮುಂಚೆ ನೀರಿಗೆ ಏನಾದ್ರೂ ಹೇಳಬೇಕಾ?"

"ನೀರಿಗೆ ಏನು ಹೇಳೋದು," ಎಂದು ಅತ್ತೆ ಜೋರಾಗಿ ತಿರುಗಿಸಿಯೇಬಿಟ್ಟರು. ನೀರು ಚಿಲ್ಲೆಂದು ಚಿಮ್ಮಿ ಅತ್ತೆಯ ಕನ್ನಡಕ, ಸೊಸೆಯ ತಲೆ, ಡ್ರೈವರನ ಯೂನಿಫಾರ್ಮು ಎಲ್ಲವನ್ನೂ ತೋಯಿಸಿತು. ಅವಳು ಅಂಗೈಗಳ ಮೇಲೆ ಇನ್ನೂ ಭಾರ ಹಾಕಿ ಕೂತಳು. ಅತ್ತೆ ಒದ್ದೆ ಮುಖದಲ್ಲಿ ಒಂದು ಕ್ಷಣ ಯೋಚಿಸಿ, ಗೋಡೆಯ ಮೇಲಿದ್ದ ಮುಖ್ಯ ವಾಲ್ವಿನತ್ತ ತಾವೇ ಕೈ ಚಾಚಿ ಮುಚ್ಚಿದರು. ನೀರು ನಿಂತಿತು. ಆಮೇಲೆ ನಲ್ಲಿ ಬಿಚ್ಚಿ, ಸವೆದ ವಾಷರ್ ತೆಗೆದು ಬೆಳಕಿಗೆ ಹಿಡಿದು ನೋಡಿ, ಹೊಸದನ್ನು ಕೂರಿಸಿ, ಮೊದಲು ತಲೆಕೆಳಗಾಗಿ, ಆಮೇಲೆ ನೆಟ್ಟಗೆ, ಬಿಗಿ ಮಾಡಿ, ವಾಲ್ವು ತೆರೆದರು.

ಮೂವರೂ ಕಿವಿಗೊಟ್ಟರು. ಟಪ್ ಇಲ್ಲ.

ಅತ್ತೆ ಸ್ಪ್ಯಾನರನ್ನು ಸೊಸೆಗೆ ಕೊಡಲಿಲ್ಲ. ಒರೆಸಿ, ತಮ್ಮ ಕನ್ನಡಕದ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟುಕೊಂಡರು.